ಹದಿನಾಲ್ಕನೇ ಮಾಳಿಗೆಯ ಸೌತೆ

ನನಗೆ ಕೈ ಸುಮ್ಮನಿರುವುದಿಲ್ಲ. ಬೀಜ ಹಾಕಿದ ಮರುದಿನವೇ ಮಣ್ಣು ಕೆದಕಿ, ಮೊಳಕೆ ಬಂತೇ ಎಂದು ನೋಡುವ ಜಾತಿಯವನು ನಾನು. ಲಿಫ್ಟಿನ ಗುಂಡಿಯನ್ನೂ ನಾಲ್ಕು ಸಲ ಒತ್ತುತ್ತೇನೆ. ಇಂಥವನು ತೋಟ ಮಾಡಬಾರದು. ಮಾಡಿದರೂ ದುಬೈಯಲ್ಲಿ, ಅಲ್ ನಹ್ದಾದ ಹದಿನಾಲ್ಕನೇ ಮಾಳಿಗೆಯ ಬಾಲ್ಕನಿಯಲ್ಲಿ ಮಾಡಲೇಬಾರದು. ಬೆಟ್ಟದ ತುದಿಯಲ್ಲಿ ಬೇಸಾಯ ಮಾಡುವವರಿಗೆ ಇರುವ ಕಷ್ಟವೆಲ್ಲ ನಮಗೂ ಇದೆ: ಎತ್ತರ, ಗಾಳಿ, ಜೊತೆಗೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿದುಹೋಗುವ ಹಂಗಾಮು. ಅವರಿಗೆ ಹಿಮ ಬಿದ್ದರೆ ಖಲಾಸ್, ನಮಗೆ ಬಿಸಿಲು ಬಿದ್ದರೆ ಖಲಾಸ್. ನವೆಂಬರಿನಲ್ಲಿ ಗಾಳಿ ತಣ್ಣಗಾಗುತ್ತದೆ; ಏಪ್ರಿಲ್ ದಾಟಿತೆಂದರೆ ಬಾಲ್ಕನಿಯ ಟೈಲ್ಸ್ ಮೇಲೆ ಹಪ್ಪಳ ಸುಡಬಹುದು. ಅಷ್ಟರೊಳಗೆ ಗಿಡ ಹೂವಾಗಿ, ಕಾಯಾಗಿ, ಒಲೆ ಏರಬೇಕು.

ಹಿಂದಿನ ಎರಡು ಚಳಿಗಾಲಗಳಲ್ಲಿ ನಾನು ಬೆಳೆದದ್ದು ಬರೀ ಎಲೆ. ಹಾಗಾಗಿ ಈ ಸಲ ಹೆಂಡತಿ ಸುಮಾ ಕಡ್ಡಿ ಮುರಿದಂತೆ ಹೇಳಿಬಿಟ್ಟಳು. "ರೀ, ಒಂದಾದ್ರೂ ಕಾಯಿ ನನ್ನ ಅಡುಗೆಮನೆಗೆ ಬರ್ಲಿಲ್ಲ ಅಂದ್ರೆ ಕುಂಡ ಎಲ್ಲಾ ಕೆಳಗೆ ಹೋಗುತ್ತೆ. ನನಗೆ ಬಟ್ಟೆ ಸ್ಟ್ಯಾಂಡ್ ಇಡೋಕೆ ಜಾಗ ಬೇಕು." ಅವಳು ಮೈಸೂರಿನವಳು, ಮೆತ್ತಗೆ ಮಾತಾಡುತ್ತಾಳೆ, ಆದರೆ ಆಡಿದ್ದನ್ನು ಮಾಡುತ್ತಾಳೆ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಈ ಊರಿನಲ್ಲಿ ಮನೆ ಬಾಡಿಗೆಯದು, ವೀಸಾ ಕಂಪನಿಯದು, ಸೋಫಾ ಮಗಳದು. ನನ್ನದು ಅಂತ ಇರುವುದು ಆ ಮೂರು ಕುಂಡಗಳ ಮಣ್ಣು ಮಾತ್ರ.

ಆದರೆ ಯಾವ ತರಕಾರಿ ಹಾಕುವುದು? ನಾನು ಉಡುಪಿ ಕಡೆಯವನು, ಬಸಳೆ ಎಂದೆ. ಬಸಳೆಗೆ ಚಪ್ಪರ ಬೇಕು, ಚಪ್ಪರ ಕಟ್ಟಿದರೆ ಕೆಳಗಿನಿಂದ ಕಟ್ಟಡದ ನಾತೂರ್, ಅಂದರೆ ಕಾವಲುಗಾರ, ಕೂಗುತ್ತಾನೆ. ಬದನೆಯೆಂದು ಬೀಜ ಹಾಕಿದೆ, ತಡವಾಗುತ್ತದೆಂದು ಕಿತ್ತೆ. ಬೆಂಡೆ ಹಾಕಿದೆ, ಮನಸ್ಸು ಬದಲಿಸಿದೆ. ಸುಮಾ ಸೀಮೆಬದನೆ ಎಂದಳು. ಅದನ್ನು ಕುಂಡದಲ್ಲಿ ಹಾಕುವವರುಂಟಾ ಮಾರಾಯ್ತಿ ಎಂದು ನಕ್ಕು, ಒಂದಿಡೀ ದಿನ ಅವಳಿಂದ ಮಾತಿಲ್ಲದೆ ಊಟ ಮಾಡಿದೆ. ಹೀಗೆ ನವೆಂಬರ್ ಕಳೆಯುತ್ತಿದ್ದಾಗ ಒಂದು ಸಂಜೆ ನಾನು "ಸೌತೆ?" ಎಂದೆ. ಅವಳ ಮುಖ ಅರಳಿತು. "ಸೌತೆ ಆಗ್ಲಿ," ಎಂದಳು. ಮದುವೆಯಾದ ಮೇಲೆ ನಾವಿಬ್ಬರೂ ಚರ್ಚೆಯಿಲ್ಲದೆ ಒಪ್ಪಿದ ಮೊದಲ ವಿಷಯ ಅದು.

ಊರಿನಿಂದ ತಂದಿಟ್ಟಿದ್ದ ಬೀಜ ಹಾಕಿದೆ. ಬಳ್ಳಿ ಹಬ್ಬಿತು, ಹಳದಿ ಹೂ ಬಿಟ್ಟಿತು. ಬಿಟ್ಟ ಹೂವೆಲ್ಲ ಉದುರಿತು. ಪಕ್ಕದ ಫ್ಲ್ಯಾಟಿನ ಹಮೀದ್ ಕಾಕಾ, ನಮ್ಮ ಬಾಯಲ್ಲಿ ಹಮೀದಾಕ, ಮಂಗಳೂರಿನವರು, ದೇರಾದಲ್ಲಿ ವ್ಯಾಪಾರ. ಅವರು ಬಾಲ್ಕನಿಯಿಂದ ಬಗ್ಗಿ ನೋಡಿ, "ಜೇನು ಬಾರದೆ ಕಾಯಿ ಆಗ್ಲಿಕ್ಕುಂಟಾ? ಇಷ್ಟು ಮೇಲೆ ಅದು ಹೇಗೆ ಬರ್ಬೇಕು ಮಾರಾಯ್ರೆ, ಲಿಫ್ಟಲ್ಲಾ?" ಎಂದರು. ಅಂದಿನಿಂದ ಜೇನಿನ ಕೆಲಸ ನನಗೇ ಬಂತು. ಮಗಳು ದಿಯಾಳ ಪೇಂಟ್ ಬ್ರಷ್ಷು ಹಿಡಿದು, ಆಫೀಸಿಗೆ ಹೊರಡುವ ಮೊದಲು, ಟೈ ಕಟ್ಟಿಕೊಂಡೇ, ಗಂಡು ಹೂವಿನಿಂದ ಹೆಣ್ಣು ಹೂವಿಗೆ ಓಡಾಡಿದೆ. "ಪಪ್ಪಾ, ಯು ಫರ್ಗಾಟ್ ಟು ಬಝ್," ಎಂದು ಅವಳು ಶಾಲೆಯ ಬಸ್ಸಿಗೆ ಹೋದಳು.

ಅಂತೂ ಒಂದೇ ಒಂದು ಕಾಯಿ ನಿಂತಿತು. ಟೀವಿ ನೋಡುವಾಗ ಎದ್ದು ಹೋಗಿ ನೋಡುತ್ತಿದ್ದೆ, ಹಲ್ಲುಜ್ಜುವಾಗ ನೋಡುತ್ತಿದ್ದೆ. ಅದು ಗೇಣುದ್ದವಾದ ದಿನ ನನಗೆ ಅಬುಧಾಬಿಯ ಖಾಲಿದಿಯಾದಲ್ಲಿ ಮೀಟಿಂಗ್. ವಾಪಸ್ಸು ಬರುವಾಗ ಬನಿಯಾಸ್ ಹತ್ತಿರ ಗಾಡಿ ನಿಲ್ಲಿಸಿ ಫೋನ್ ಮಾಡಿದೆ. "ಕಾಯಿ ಹೇಗುಂಟು?" "ತುಂಬಾ ಚೆನ್ನಾಗಿದೆ ರೀ. ನೀವು ನಿಧಾನಕ್ಕೆ ಬನ್ನಿ."

ಮನೆಗೆ ಬಂದು ಊಟಕ್ಕೆ ಕುಳಿತೆ. ಹೆಸರುಬೇಳೆ ಕೋಸಂಬರಿ ಬಹಳ ರುಚಿಯಾಗಿತ್ತು, ಎರಡು ಸಲ ಹಾಕಿಸಿಕೊಂಡೆ. ಕೈ ತೊಳೆದು ಬಾಲ್ಕನಿಗೆ ಹೋದರೆ ಬಳ್ಳಿಯಲ್ಲಿ ಬರೀ ತೊಟ್ಟು.

"ಕಾಯಿ ಎಲ್ಲಿ?" ಎಂದೆ.

"ನಿಮ್ಮ ಹೊಟ್ಟೇಲಿ," ಎಂದಳು ಸುಮಾ. "ಎಳೇದಿತ್ತು, ಕುಯ್ದೆ. ಇನ್ನೂ ಬಿಟ್ಟಿದ್ರೆ ಬಲಿತುಹೋಗ್ತಿತ್ತು."

ಬಲಿಯಲೇಬೇಕಿತ್ತು. ನಮ್ಮ ಕರಾವಳಿಯಲ್ಲಿ ಸೌತೆಯೆಂದರೆ ಬಲಿತು, ಹಳದಿಯಾಗಿ, ನಮ್ಮ ಸಾಂಬಾರಾದ ಕೊದ್ದೆಲಿಗೆ ಬೀಳುವ ಕಾಯಿ. ಮೈಸೂರಿನಲ್ಲಿ ಸೌತೆಯೆಂದರೆ ಹಸಿಯಾಗಿ ತಿನ್ನುವುದು; ನಾವು ಅದಕ್ಕೆ ಮುಳ್ಳುಸೌತೆ ಅನ್ನುತ್ತೇವೆ. ಇದು ನಮಗೆ ಗೊತ್ತಿಲ್ಲದ್ದೇನಲ್ಲ. ಮನೆಯಲ್ಲಿ ದಿನವೂ "ನಮ್ಮ ಸೌತೆ", "ನಿಮ್ಮ ಸೌತೆ" ಎಂದೇ ಮಾತಾಡಿಕೊಂಡವರು. ಒಪ್ಪಿಗೆಯಾಯಿತೆಂಬ ಖುಷಿಯಲ್ಲಿ ಅವತ್ತೊಂದು ದಿನ ಇಬ್ಬರೂ ನಮ್ಮ, ನಿಮ್ಮ ಎನ್ನುವುದನ್ನು ಮರೆತಿದ್ದೆವು. ಬೆಳ್ಳುಳ್ಳಿ ಒಗ್ಗರಣೆಯ ಕೊದ್ದೆಲಿಗೆಂದು ನಾನು ಕಾದಿಟ್ಟಿದ್ದ ಕಾಯಿಗೆ ಅವಳು ನಿಂಬೆಹುಳಿ ಹಿಂಡಿದ್ದಳು. ಹೊಟ್ಟೆ ಉರಿಯಿತು, ಅದೇ ಹೊಟ್ಟೆಯೊಳಗೆ ಕಾಯಿಯೂ ಇತ್ತು.

ಬಾಯಿ ತೆರೆಯುವಷ್ಟರಲ್ಲಿ ಅವಳು ಬಟ್ಟೆ ಸ್ಟ್ಯಾಂಡನ್ನು ಮಡಚಿ ಒಳಕೋಣೆಗೆ ಒಯ್ದಳು. "ಒಂದು ಕಾಯಿ ಬಂತಲ್ಲ ರೀ, ಕುಂಡ ಇರ್ಲಿ. ಮುಂದಿನ ವರ್ಷಾನೂ ಸೌತೇನೇ ಹಾಕಿ."

ಆಗಲಿ ಎಂದೆ. ಯಾರ ಸೌತೆ ಎಂದು, ಜೀವನದಲ್ಲಿ ಮೊದಲ ಸಲ, ಕೆದಕಲಿಲ್ಲ.