ಕರೆಂಟು ಬಂತಾ ನೋಡೋ ಮನೆ

೧೯೮೪, ಏಪ್ರಿಲ್ ಎಂಟು. ಬೆಳಗ್ಗೆ ಎಂಟಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು, ಎಲೆ ಅಲುಗುತ್ತಿರಲಿಲ್ಲ.

ಮಾಲೂರಿನಲ್ಲಿ ಮೋಟಾರು ರಿಪೇರಿ ಮಾಡುವವನು ಆಗಾಗ ಬಾಯಿ ತೆರೆದು ನಿಲ್ಲಬೇಕಾಗುತ್ತದೆ. ಆ ಬೇಸಿಗೆಯಲ್ಲಿ ಟೇಕಲ್ ದಾರಿಯ ಒಂದೇ ಮನೆ ನನ್ನನ್ನು ಹಾಗೆ ಮೂರು ಸಲ ನಿಲ್ಲಿಸಿತು. ರೇಷ್ಮೆ ರೈತರ ಮನೆ. ಹುಳು ಗೂಡು ಕಟ್ಟಲು ಹದಿನೈದು ದಿನವಿತ್ತು. ಅಷ್ಟರೊಳಗೆ ಹಿಪ್ಪುನೇರಳೆ ಒಣಗಿದರೆ ಹುಳುವೆಲ್ಲ ಹಸಿದು ಸಾಯುತ್ತವೆ. ಬಾವಿಯಲ್ಲಿ ನೀರಿತ್ತು, ಪಂಪು ತಿರುಗಿಸುವ ಮೂರು ಫೇಸ್ ಕರೆಂಟು ಯಾವಾಗ ಬರುತ್ತದೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

೧. ಬೆರಳು

ನಾನು ಹೋದಾಗ ರೈತ ಫ್ಯೂಸಿನ ತಂತಿಗೆ ಬೆರಳ ಹಿಂಭಾಗ ತಾಕಿಸುತ್ತಿದ್ದ. ಚೀಲ ಬಿಸಾಕಿ ಕೂಗಿದೆ.

"ಏನಣ್ಣ ಮಾಡ್ತಿದ್ದೀಯ!"

"ಕರೆಂಟು ಬಂತಾ ನೋಡ್ತಾ ಇದೀನಿ."

"ಟೆಸ್ಟರ್ ಕೊಟ್ಟಿದ್ನಲ್ಲ?"

"ಅದನ್ನ ಹುಡುಕೋ ಹೊತ್ಗೆ ಕರೆಂಟು ಹೋಗಿರ್ತದೆ ಕಣಪ್ಪ."

೨. ಗಂಟೆ

ಬೆರಳು ಉಳಿಯಲೆಂದು ಒಂದು ಕರೆಂಟು ಗಂಟೆ ಹಾಕಿಕೊಟ್ಟೆ. ಕರೆಂಟು ಬಂದರೆ ಹೊಡೆದುಕೊಳ್ಳಬೇಕು, ಅಷ್ಟೆ. ನಾಲ್ಕನೇ ದಿನ ಅವನು ಮೋಟಾರನ್ನೇ ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ನನ್ನ ಅಂಗಡಿಗೆ ಬಂದ. ಒಳಗೆಲ್ಲ ಕರಕಲು. ಬಂದದ್ದು ಒಂದೇ ಫೇಸು. ಗಂಟೆಗೆ ಅಷ್ಟೇ ಸಾಕಿತ್ತು, ಮೋಟಾರು ಮಾತ್ರ ಸಾಲದೆ ಸುಟ್ಟಿತ್ತು. ತಪ್ಪು ನನ್ನದೇ. ಏನು ಬೈಯುತ್ತಾನೋ ಎಂದು ತಲೆ ತಗ್ಗಿಸಿ ನಿಂತೆ.

"ಗಂಟೆ ಮಾತ್ರ ಗಟ್ಟಿ ಮಾಲು ಕಣಪ್ಪ," ಎಂದ. "ಮೋಟ್ರು ಸುಡ್ತಿದ್ರೂ ಹೊಡೀತಾನೇ ಇತ್ತು."

೩. ಬಲ್ಬು

ಮೋಟಾರನ್ನು ಪುಕ್ಕಟೆ ಸರಿಮಾಡಿದೆ. ಪಂಪಿನ ಕೋಣೆಯ ಹೊರಗೋಡೆಗೆ ಸಾಲಾಗಿ ಮೂರು ಬಲ್ಬು ಹಾಕಿದೆ, ಫೇಸಿಗೊಂದರಂತೆ. "ಮೂರೂ ಉರಿದರೆ ಮಾತ್ರ ಸ್ವಿಚ್ಚು ಒತ್ತು," ಎಂದು ಆಣೆ ಹಾಕಿಸಿಕೊಂಡೆ.

ವಾರ ಕಳೆದು ಹೇಳಿಕಳಿಸಿದ. ಹೋದರೆ ಸೊಪ್ಪು ಬಾಡಿ ಜೋತುಬಿದ್ದಿದೆ. ಅವನು ಗೋಡೆಯ ಎದುರು ಕುಕ್ಕುರುಗಾಲಲ್ಲಿ ಕೂತಿದ್ದಾನೆ.

"ನಾಕು ದಿನದಿಂದ ಎರಡೇ ಉರೀತಾವೆ. ಆಣೆ ಮಾಡಿದೀನಲ್ಲ, ಮುಟ್ಟಿಲ್ಲ."

ಹತ್ತಿರ ಹೋಗಿ ನೋಡಿದೆ. ಮೂರನೇ ಹೋಲ್ಡರಿನಲ್ಲಿ ಬಲ್ಬೇ ಇಲ್ಲ!

ಬಾಗಿಲಲ್ಲಿದ್ದ ಅವನ ವಯಸ್ಸಾದ ತಾಯಿ ಕೇಳಿದರು: "ಏಮಪ್ಪಾ, ಹಗಲೊತ್ತು ಒಂದು ಗೋಡೆಗೆ ಮೂರು ದೀಪ ಯಾಕೆ? ದಂಡ ಅಂತ ನಾನೇ ಒಂದು ಬಿಚ್ಚಿಟ್ಟೆ."

ಅವರು ಬಿಚ್ಚಿಟ್ಟಿದ್ದ ಬಲ್ಬನ್ನೇ ತಂದು ಹಾಕಿದೆ, ಮೂರೂ ಉರಿದವು. ಅವನು ಸ್ವಿಚ್ಚು ಒತ್ತಿ, ಗುದ್ದಲಿ ಹಿಡಿದು, ನೀರಿನ ಜೊತೆಗೇ ಓಡಿದ. ನಾನು ಅಜ್ಜಿಯನ್ನು ಕೂರಿಸಿ ಅರ್ಧ ಗಂಟೆ ಮೂರು ಫೇಸಿನ ಪಾಠ ಹೇಳಿದೆ. ಎಲ್ಲದಕ್ಕೂ ತಲೆಯಾಡಿಸಿದರು. ನಾನು ಪಂಪಿನ ಕೋಣೆಯಲ್ಲಿ ಸಾಮಾನು ಕಟ್ಟಿಕೊಂಡು ಬರುವಷ್ಟರಲ್ಲಿ, ಸೆರಗಿನ ಮರೆಯಿಂದ ಒಂದು ಕಾಗದದ ಪೊಟ್ಟಣ ತೆಗೆದು ನನ್ನ ಚೀಲಕ್ಕೆ ತುರುಕಿದರು. "ಕೂಲಿ. ಬೇಡ ಅನ್ಬಾರ್ದು."

ಮನೆಯಲ್ಲಿ ಹೆಂಡತಿ ಕೇಳಿದಳು: "ಇಷ್ಟು ಸಲ ಓಡಾಡಿದ್ರಿ, ಕೊನೆಗೇನು ಕೊಟ್ರು?"

ಪೊಟ್ಟಣ ಬಿಚ್ಚಿದೆ. ಮೂರನೇ ಬಲ್ಬು.