ಬಿಡಾರದ ಮನೆಗೆ ಪಾತ್ರೆ ಹೊಂದಿಸಿದ್ದು

ಮುಖ ಕಾಣದ ಮಂದಿಗಾಗಿ ಅಡುಗೆಮನೆ ಹೂಡಬಾರದು. ಈ ಮಾತನ್ನು ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಬರೆಯಹೊರಟಿದ್ದೆ, ಆದರೆ ಸುಳ್ಳಾಗುತ್ತದೆ. ನನ್ನ ಹೆಂಡತಿ ಹೇಳಿದ್ದಳು. ಇನ್ನೊಬ್ಬರ ಜಗಳಕ್ಕೆ ಸಾಕ್ಷಿ ನಿಲ್ಲುವುದು, ನೆಂಟರಿಗೆ ಎತ್ತು ಕೊಡಿಸುವುದು, ಇವು ಮೈಮೇಲೆ ಹಾಕಿಕೊಳ್ಳಬಾರದ ಕೆಲಸಗಳೆಂದು ನಮ್ಮ ಹಿರಿಯರು ಎಣಿಸಿ ಇಟ್ಟಿದ್ದಾರೆ. ಅವರು ಯಾರೂ ಬಿಡಾರದ ಮನೆಗೆ ಸೌಟು ಕೊಂಡವರಲ್ಲ. ಕೊಂಡಿದ್ದರೆ ಉಳಿದ ಎರಡನ್ನು ಪಟ್ಟಿಯಿಂದ ತೆಗೆದುಹಾಕಿ ಇದೊಂದನ್ನೇ ಇಡುತ್ತಿದ್ದರು.

ಸೊಲ್ಲಾಪುರದ ಪೇಟೆಯಲ್ಲಿ ನನ್ನದು ನೂಲಿನ ಅಂಗಡಿ. ಅಕ್ಕಲಕೋಟದಲ್ಲಿ ನಮ್ಮ ಸೋದರತ್ತೆಗೆ ಎರಡು ಅಂಕಣದ ಒಂದು ಮನೆ ಇತ್ತು. ಮೊಣಕಾಲು ಹಿಡಿದ ಮೇಲೆ ಅತ್ತೆ ನಮ್ಮಲ್ಲಿಗೇ ಬಂದು ಉಳಿದಳು. ಬರುವಾಗ ತನ್ನ ಪಾತ್ರೆಪಡಗವನ್ನೆಲ್ಲ ಬಂಡಿಯಲ್ಲಿ ಹೇರಿಕೊಂಡೇ ಬಂದಳು. ಮನೆ ಬರಿದಾಗಿ ನಿಂತಿತು. ಸಂಸ್ಥಾನದ ಊರು, ಮೇಲಾಗಿ ಸ್ವಾಮಿಗಳ ಮಠ. ಪುಣೆಯ ಕಡೆಯಿಂದ, ನಿಜಾಮನ ಮೊಗಲಾಯಿಯ ಕಡೆಯಿಂದ ಸೇವೆಗೆಂದು ಬಂದವರು ನಾಲ್ಕು ದಿನ, ಎಂಟು ದಿನ ಇರುತ್ತಾರೆ. ಧರ್ಮಶಾಲೆಯ ಗದ್ದಲದಲ್ಲಿ ಮಡಿಯಿಂದ ಬೇಯಿಸಿಕೊಳ್ಳುವುದು ಅವರಿಗೆ ಆಗದ ಮಾತು. ಅಂಥವರಿಗೆ ನಮ್ಮ ಮನೆಯನ್ನು ಪಾತ್ರೆಗಳ ಸಹಿತ ಬಿಡಾರಕ್ಕೆ ಕೊಟ್ಟರೆ ಹೇಗೆಂದು ನನ್ನ ತಲೆಗೆ ಹೊಳೆಯಿತು. ನನ್ನ ತಲೆಗೆ ಹೊಳೆದದ್ದನ್ನು ನಾನೇ ಮಾಡಬೇಕೆಂಬ ಹಟವೂ ಅದರ ಬೆನ್ನಿಗೇ ಬಂತು. ಪಾತ್ರೆಗಳನ್ನು ತಾನು ಆರಿಸುತ್ತೇನೆಂದು ಹೆಂಡತಿ ಅಂದಳು. ಇದು ವ್ಯವಹಾರ, ಹೆಂಗಸರ ಕೆಲಸವಲ್ಲ ಎಂದೆ. "ಸೌಟ ಎಷ್ಟ ಉದ್ದ ಇರಬೇಕಂತ ನಿಮಗ ಗೊತ್ತದ ಏನ್ರಿ?" ಎಂದು ಕೇಳಿದಳು. ಮೂವತ್ತೆಂಟು ವರ್ಷ ಸೌಟಿನಿಂದ ಬಡಿಸಿದ್ದನ್ನು ಉಂಡಿದ್ದೆ. ಅದರ ಉದ್ದ ಗೊತ್ತಿರಲಿಲ್ಲ. ಆದರೂ ಗೊತ್ತಿದೆ ಎಂದೆ.

ಆ ಸೌಟು ಗಿಡ್ಡದ್ದೇ ಬಂತು. ಹಂಡೆಯಲ್ಲಿ ಅದ್ದಿದರೆ ಕೈಯೂ ಜೊತೆಗೇ ಅದ್ದುತ್ತಿತ್ತು. ಉಳಿದ ಸಾಮಾನು ಮಾತ್ರ ನೋಡುವಂತಿತ್ತು: ಹಿತ್ತಾಳೆಯ ನಾಲ್ಕು ತಪ್ಪೇಲಿ, ತಾಮ್ರದ ಹಂಡೆ, ರೊಟ್ಟಿಯ ಹಂಚು, ಹಿಟ್ಟು ನಾದುವ ಪರಾತ, ಇಕ್ಕಳ, ಈಳಿಗೆ, ಹನ್ನೆರಡು ತಾಟು. ಒಂದೊಂದರ ಮೇಲೂ ನನ್ನ ಹೆಸರು ಕೆತ್ತಿಸಿದೆ. ಕೆತ್ತುವವನಿಗೆ ಕನ್ನಡ ಬಾರದು, ಮರಾಠಿಯ ಅಕ್ಷರದಲ್ಲಿ 'ಗುರುಲಿಂಗಪ್ಪ' ಎಂದು ಬರೆಯುವಷ್ಟರಲ್ಲಿ ಸಣ್ಣ ಪಾತ್ರೆಗಳ ಮೇಲೆ ಜಾಗ ಸಾಲದೆ ಕೆಲವುಗಳ ಮೇಲೆ ಬರೀ 'ಗುರು' ಆಗಿ ಉಳಿದೆ. ಉಪ್ಪು, ಎಣ್ಣೆ, ಬೇಳೆ, ಒಂದು ಭರಣಿ ನಮ್ಮ ಮನೆಯ ಕರಿ ಖಾರ, ಇವನ್ನೂ ಇಟ್ಟೆ. ಪಕ್ಕದ ಮನೆಯ ನೀಲವ್ವ ಎಂಬ ಮುದುಕಿಯ ಕೈಗೆ ಬಾಗಿಲ ಕೀಲಿ ಕೊಟ್ಟು, ಬಂದವರಿಗೆ ತೆರೆದುಕೊಡು, ಹೋದ ಮೇಲೆ ಗುಡಿಸಿಡು ಎಂದು ಹೇಳಿ ಸೊಲ್ಲಾಪುರಕ್ಕೆ ಬಂದೆ. ರೈಲಿನಲ್ಲಿ ಕೂತಾಗ, ಒಂದು ಗುಡಿ ಕಟ್ಟಿಸಿದವನಿಗೂ ಇಷ್ಟು ಸಮಾಧಾನ ಇರಲಾರದು ಅನ್ನಿಸಿತು.

ಮೊದಲು ಬಂದವರು ಪುಣೆಯ ಒಂದು ಕುಟುಂಬ. ಹೋಗುವಾಗ ಆ ಗೃಹಸ್ಥರು ಸೊಲ್ಲಾಪುರದಲ್ಲಿ ಇಳಿದು, ಅಂಗಡಿಗೇ ಬಂದು, ಗಾದಿಯ ಮೇಲೆ ಕೂತು, ಅತ್ಯಂತ ಸಭ್ಯವಾದ ಮರಾಠಿಯಲ್ಲಿ ನನ್ನನ್ನು ಅರ್ಧ ತಾಸು ಬೈದರು. ಮನೆಯಲ್ಲಿ ಲಟ್ಟಣಿಗೆ ಇಲ್ಲ, ಪೋಳಿ ಲಟ್ಟಿಸುವ ಮಣೆ ಇಲ್ಲ; ಅವರಿಗೆ ಚಪಾತಿಯೇ ಪೋಳಿ. ಅವರ ಹೆಂಡತಿ ಪರಾತವನ್ನು ಬೋರಲು ಹಾಕಿ, ತಂಬಿಗೆಯನ್ನು ಉರುಳಿಸಿ ಪೋಳಿ ಮಾಡಬೇಕಾಯಿತಂತೆ. ಅದಕ್ಕಿಂತ ಹೆಚ್ಚಾಗಿ, ಭರಣಿಯಲ್ಲಿದ್ದ ಕರಿ ಪುಡಿಯನ್ನು ತಮ್ಮ ಮನೆಯ ಖಾರ ಕಡಿಮೆಯ ಗೋಡಾ ಮಸಾಲೆ ಎಂದು ತಿಳಿದು ಆಮಟಿ ಸಾರಿಗೆ ಎರಡು ಚಮಚೆ ಹಾಕಿದ್ದರು. ಆಮೇಲೆ ಎಲ್ಲರೂ ಸೇವೆ ಬಿಟ್ಟು ಬಾವಿಯ ಕಡೆಗೇ ಓಡಾಡಿದ್ದರು. ನಾನು ಕೈ ಮುಗಿದೆ. ಅವತ್ತೇ ಲಟ್ಟಣಿಗೆ, ಮಣೆ ಕೊಂಡೆ. ಖಾರದ ಭರಣಿಯ ಮೇಲೆ ಅಂಟಿಸಲು ಚೀಟಿ ಬರೆದು ಜೊತೆಗೇ ಕಳಿಸಿದೆ.

ಅವರ ಹಿಂದೆ ವಿಜಾಪುರದ ಕಡೆಯ ಒಕ್ಕಲುತನದವರು ಬಂದರು. ಮನೆಯಲ್ಲಿ ಬೀಸುವ ಕಲ್ಲು ಇಲ್ಲ, ಇದೆಂಥ ಮನೆ ಎಂದು ಕೇಳಿದರಂತೆ. ಪೋಳಿ ಲಟ್ಟಿಸುವ ಮಣೆಯನ್ನು ಸ್ನಾನಕ್ಕೆ ಹಾಕಿಕೊಂಡು ಕೂತು ಅದರ ಒಂದು ಕಾಲು ಮುರಿದರು. ನಾನು ಬೀಸುವ ಕಲ್ಲು ಕಳಿಸಿದೆ. ಮುಂದಿನವರು ಚಹದ ಮಂದಿ. ಕಪ್ಪುಬಸಿ ಇಲ್ಲದೆ ತಂಬಿಗೆಯಲ್ಲಿ ಚಹ ಕುಡಿದೆವು ಎಂದು ಹೇಳಿ ಕಳಿಸಿದರು. ಕಪ್ಪುಬಸಿ ಕಳಿಸಿದೆ. ಅದರ ಮುಂದಿನವರು ಮಡಿಯವರು, ಪಿಂಗಾಣಿ ಕಂಡ ಕೂಡಲೆ ಒಲೆಯನ್ನು ಹಿತ್ತಲಿಗೆ ಒಯ್ದು ಅಲ್ಲಿ ಅಡುಗೆ ಮಾಡಿಕೊಂಡರು. ಇನ್ನೊಬ್ಬರು ಕಲಾಯಿ ಹೋದ ತಪ್ಪೇಲಿಯಲ್ಲಿ ಹುಣಸೆಯ ಸಾರು ಕಾಸಿ, ಅದು ಹಸಿರಾಗಿ, ಮನೆಮಂದಿಯೆಲ್ಲ ವಾಂತಿ ಮಾಡಿಕೊಂಡು, ನನಗೆ ನಾಲ್ಕು ಪುಟದ ಕಾಗದ ಬರೆದರು. ಒಬ್ಬರೂ ಪಾತ್ರೆ ಚೆನ್ನಾಗಿದ್ದವು ಎಂದು ಬರೆಯಲಿಲ್ಲ. ಇದ್ದ ಹನ್ನೆರಡು ತಾಟಿನ ಮಾತು ಯಾರೂ ಎತ್ತುವುದಿಲ್ಲ, ಇಲ್ಲದ ಹದಿಮೂರನೆಯದನ್ನು ಮಾತ್ರ ಎಲ್ಲರೂ ಕೇಳುತ್ತಾರೆ. ಹೆಂಡತಿ ಈ ಕಾಗದಗಳನ್ನು ನನ್ನಿಂದಲೇ ಓದಿಸಿ ಕೇಳುತ್ತಿದ್ದಳು. ಕೇಳಿ ಮುಗಿಸಿ, ತನ್ನ ಉದ್ದ ಸೌಟು ಎತ್ತಿಕೊಂಡು ಒಲೆಯ ಕಡೆಗೆ ಹೋಗುತ್ತಿದ್ದಳು. ಬೈದಿದ್ದರೆ ಒಳ್ಳೆಯದಿತ್ತು.

ಹೀಗೆ ತುಂಬಿಸುತ್ತ ಹೋದರೆ ಒಂದು ದಿನ ಆ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಾರದು ಎಂದುಕೊಂಡು ಒಮ್ಮೆ ನೋಡಲು ಹೋದೆ. ಜಾಗ ಬೇಕಾದಷ್ಟಿತ್ತು. ಇಕ್ಕಳ ಇಲ್ಲ, ಪರಾತ ಇಲ್ಲ, ಹಂಡೆ ಇಲ್ಲ, ಹನ್ನೆರಡು ತಾಟಿನಲ್ಲಿ ಐದು ಇದ್ದವು. ನೀಲವ್ವನನ್ನು ಕೇಳಿದರೆ, ಎಲ್ಲಿ ಹೋಗುತ್ತವೆ, ಇಲ್ಲೇ ಎಲ್ಲೋ ಇರುತ್ತವೆ ಎಂದಳು. ನನಗೆ ತಲೆ ಕೆಟ್ಟಿತು. ಬಡಿಗನನ್ನು ಕರೆಸಿ ಗೋಡೆಗೆ ಒಂದು ಭಾರಿ ಕಪಾಟು ಮಾಡಿಸಿ, ಉಳಿದದ್ದನ್ನೂ ಹೊಸದಾಗಿ ತಂದದ್ದನ್ನೂ ಅದರಲ್ಲಿಟ್ಟು ಬೀಗ ಜಡಿದೆ. ಇನ್ನು ಮುಂದೆ ಬಿಡಾರ ಬೇಕಾದವರು ಮೊದಲು ಅಂಗಡಿಗೆ ಬಂದು ನನ್ನಿಂದ ಕಪಾಟಿನ ಕೀಲಿ ಒಯ್ಯಬೇಕು, ಹೋಗುವಾಗ ಲೆಕ್ಕ ಒಪ್ಪಿಸಬೇಕು ಎಂದು ಕಾಯದೆ ಮಾಡಿದೆ. ಕಾಯದೆ ಮಾಡುವುದು ಸುಲಭ, ಅದನ್ನು ನೆನಪಿಡುವುದು ಕಷ್ಟ. ಈ ಮಾತನ್ನು ಆಳುವ ದೊರೆಗಳೂ ಒಪ್ಪಿಯಾರು.

ಆ ಚಳಿಗಾಲದಲ್ಲಿ ಮಂದ್ರೂಪದ ಆಚೆಯ ಹಳ್ಳಿಯಿಂದ ಸಿದ್ರಾಮಪ್ಪ ಎಂಬ ರೈತರು ಅಂಗಡಿಗೆ ಬಂದರು. ಅವರ ಮಗಳು ಚಂದ್ರವ್ವನನ್ನು ನೋಡಲು ಮಂಗಳವೇಢೆಯ ಒಂದು ದೊಡ್ಡ ಮನೆತನದವರು ಬರುವವರಿದ್ದರು. ಸ್ವಾಮಿಗಳ ದರ್ಶನವೂ ಆದೀತು, ಅಕ್ಕಲಕೋಟದಲ್ಲೇ ತೋರಿಸಿ ಎಂದಿದ್ದರು. ಎರಡು ವರ್ಷದಲ್ಲಿ ಎರಡು ಸಂಬಂಧ ಬಂದು ಮುರಿದಿದ್ದವು. ಇದೂ ಹೋದರೆ ಹುಡುಗಿಯ ತಾಯಿ ಹಾಸಿಗೆ ಹಿಡಿಯುತ್ತಾಳೆ ಎಂದು ಅವರು ನೆಲ ನೋಡುತ್ತ ಹೇಳಿದರು. ನನ್ನ ಮನಸ್ಸು ಕರಗಿತು. ಕೇವಲ ಹಿಟ್ಟು, ಕಾಯಿಪಲ್ಯ ತನ್ನಿ, ಉಳಿದದ್ದೆಲ್ಲ ಮನೆಯಲ್ಲಿದೆ, ನನ್ನ ಅಡುಗೆಮನೆಯಲ್ಲಿ ಇಲ್ಲವೆಂಬುದೇ ಇಲ್ಲ ಎಂದು ಎದೆ ತಟ್ಟಿ ಹೇಳಿ, ಹುಡುಗಿಗೆ ಒಳ್ಳೆಯದಾಗಲಿ ಎಂದು ಹರಸಿ ಕಳಿಸಿದೆ. ಕಪಾಟಿನ ಕೀಲಿ ನನ್ನ ಕೋಟಿನ ಕಿಸೆಯಲ್ಲೇ ಇತ್ತು.

ಅದು ನೆನಪಾದದ್ದು ವರನ ಕಡೆಯವರು ಬರುವ ದಿನ ಬೆಳಿಗ್ಗೆ, ಚಸ್ಮಾ ಹುಡುಕಲು ಕಿಸೆಯಲ್ಲಿ ಕೈ ಹಾಕಿದಾಗ. ಅಂಗಡಿಯನ್ನು ಹಾಗೇ ಬಿಟ್ಟು ಸ್ಟೇಷನ್ನಿಗೆ ಓಡಿದೆ. ರೈಲು ತಡವಾಗಿ ಬಂತು, ಬಂದದ್ದು ಎಲ್ಲಾ ಕಡೆ ನಿಂತಿತು. ಅಕ್ಕಲಕೋಟ ರೋಡಿನಲ್ಲಿ ಇಳಿದು ಟಾಂಗಾ ಹತ್ತಿದರೆ, ಆ ಕುದುರೆಗೆ ಲಗ್ನ ಮುರಿದರೂ ಸರಿ, ಕೂಡಿದರೂ ಸರಿ. ದಾರಿಯುದ್ದಕ್ಕೂ ನನಗೆ ಒಂದೇ ಚಿತ್ರ: ಪಡಸಾಲೆಯಲ್ಲಿ ಬೀಗರು, ಒಳಗೆ ತಣ್ಣಗಿನ ಒಲೆ, ಹಿಟ್ಟಿನ ಚೀಲದ ಮುಂದೆ ಅಳುತ್ತ ಕೂತ ತಾಯಿ, ಮಗಳು. ನಾನು ಜೀವನದಲ್ಲಿ ಯಾರ ಮನೆಯನ್ನೂ ಮುರಿದವನಲ್ಲ. ಈಗ ಒಂದನ್ನು ಕಟ್ಟುವ ಮೊದಲೇ ಮುರಿದೆನಲ್ಲ ಎಂದು ಕಣ್ಣಲ್ಲಿ ನೀರು ಬಂತು. ಸ್ವಲ್ಪ ಧೂಳಿನದೂ ಇದ್ದೀತು.

ಹೊತ್ತು ನೆತ್ತಿಯ ಮೇಲೆ ಬಂದಾಗ ಹಿತ್ತಲ ಬಾಗಿಲಿನಿಂದ ಕಳ್ಳನ ಹಾಗೆ ಒಳಗೆ ಹೋದೆ. ಒಲೆಗಳು ಧಗಧಗ ಉರಿಯುತ್ತಿದ್ದವು. ಚಂದ್ರವ್ವ ರೊಟ್ಟಿ ಬಡಿಯುತ್ತಿದ್ದಳು, ಅವಳ ತಾಯಿ ಭಾಗವ್ವ ಹಿಟ್ಟು ನಾದಿಕೊಡುತ್ತ ನಡುನಡುವೆ ಎಣ್ಣೆಗಾಯಿ ತಿರುವುತ್ತಿದ್ದಳು, ನೀಲವ್ವ ಮೂಲೆಯಲ್ಲಿ ಕೂತು ಶೇಂಗಾ ಚಟ್ನಿ ಕುಟ್ಟುತ್ತ ಅಪ್ಪಣೆ ಕೊಡುತ್ತಿದ್ದಳು. ಎಲ್ಲಿಂದ ಬಂತು ಇಷ್ಟೊಂದು ಪಾತ್ರೆ ಎಂದು ಬಗ್ಗಿ ನೋಡಿದೆ. ಹಂಡೆಯ ಮೇಲೆ 'ಗುರುಲಿಂಗಪ್ಪ'. ಪರಾತದ ಮೇಲೆ 'ಗುರುಲಿಂಗಪ್ಪ'. ಇಕ್ಕಳದ ಮೇಲೆ ಬರೀ 'ಗುರು'. ಬೆಳಿಗ್ಗೆ ಕಪಾಟಿಗೆ ಬೀಗ ಕಂಡು ಭಾಗವ್ವ ಕೈ ಚೆಲ್ಲಿ ಕೂತಾಗ, ಹುಡುಗಿಯೇ ಎದ್ದು ನೀಲವ್ವನನ್ನು ಕರೆದುಕೊಂಡು ಓಣಿಯ ಮನೆಮನೆಗೆ ಹೋಗಿ ಕೇಳಿದ್ದಳಂತೆ; ಏಳು ಮನೆಯವರು ಕೊಟ್ಟಿದ್ದರು. ನನ್ನ ಮುಖ ಕಂಡು ನೀಲವ್ವ ಕುಟ್ಟುವುದನ್ನು ನಿಲ್ಲಿಸದೆಯೇ ಹೇಳಿದಳು: "ಕಳವಾಗ್ಯಾವಂತ ತಿಳದಿದ್ರಲ್ಲ ಸಾವಕಾರ್ರ, ಓಣ್ಯಾಗ ಇದ್ದೂರಿ. ಬೇಕಾದ ಹೊತ್ತಿಗಿ ಬಂದಾವ ನೋಡ್ರಿ. ನೀವು ಬೀಗ ಹಾಕಿದ್ದು ಒಂದೂ ಬರಲಿಲ್ಲ."

ನಾನು ಕೀಲಿ ತೆಗೆದು ಭಾಗವ್ವನ ಮುಂದೆ ಹಿಡಿದೆ. ಕೈ ಹಿಟ್ಟಾಗಿದೆ, ಈಗ ಬೇಡ ಎಂದು ಅವಳು ತಲೆಯಾಡಿಸಿದಳು. ಅಷ್ಟರಲ್ಲಿ ವರನ ತಾಯಿ, ಎತ್ತರದ, ಗಟ್ಟಿ ಮುಖದ ಹೆಂಗಸು, ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತರು. ಸುತ್ತಲೂ ನೋಡಿ, ಕಪಾಟಿನಲ್ಲಿ ಏನಿದೆ ಎಂದು ಹುಡುಗಿಯನ್ನು ಕೇಳಿದರು. ನಾನು ಕೀಲಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಹಿತ್ತಲ ಬಾಗಿಲ ಹಿಂದೆ ಸರಿದೆ.

"ಗೊತ್ತಿಲ್ರಿ ಅತ್ತಿ," ಎಂದಳು ಚಂದ್ರವ್ವ, ರೊಟ್ಟಿ ತಿರುವಿ ಹಾಕುತ್ತ. "ಮಾಲಕರು ಬೀಗ ಹಾಕಿ ಹೋಗ್ಯಾರ. ಇವೆಲ್ಲಾ ಓಣಿಯವರು ಕೊಟ್ಟಾರ್ರಿ, ಉಂಡ ಮ್ಯಾಲ ತೊಳದು ಕೊಡಬೇಕು."

ಆ ಹೆಂಗಸು ಒಳಗೆ ಬಂದು ಬೀಗವನ್ನು ಒಮ್ಮೆ ಜಗ್ಗಿ ನೋಡಿದರು. ಆಮೇಲೆ ಭಾಗವ್ವನ ಕಡೆ ತಿರುಗಿ, "ತುಂಬಿದ ಮನ್ಯಾಗ ಯಾರರೆ ಅಡಗಿ ಮಾಡ್ತಾರ್ರಿ. ಬೀಗ ಹಾಕಿದ ಮನ್ಯಾಗ ಮಾಡ್ಯಾಳ ನಿಮ್ಮ ಹುಡಿಗಿ. ನಮಗ ಇಕಿ ಬೇಕು," ಎಂದರು. ಭಾಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೈಯ ಹಿಟ್ಟೆಲ್ಲ ಮುಖಕ್ಕೆ ಹತ್ತಿತು. ಹುಡುಗಿ ತಲೆ ಎತ್ತಲಿಲ್ಲ, ಆದರೆ ಹಂಚಿನ ಮೇಲಿನ ರೊಟ್ಟಿ ಅದೊಂದೇ ಸೀದುಹೋಯಿತು. ಆ ರೊಟ್ಟಿ ನನ್ನ ತಾಟಿಗೆ ಬಂತು. ಪಡಸಾಲೆಯಲ್ಲಿ ಸಿದ್ರಾಮಪ್ಪ ನನ್ನ ಎರಡೂ ಕೈ ಹಿಡಿದು, ನೀವು ಬೀಗ ಹಾಕಿದ್ದು ಬಹಳ ಉಪಕಾರವಾಯಿತು ಎಂದರು. ಮನಸಾರೆ ಅಂದರೋ ಕುಟುಕಿದರೋ ಇವತ್ತಿಗೂ ತಿಳಿದಿಲ್ಲ.

ಈ ಸುದ್ದಿ ಹಳ್ಳಿಯಿಂದ ಹಳ್ಳಿಗೆ ಹೋಯಿತು. ನಮ್ಮ ಮನೆಯ ಗುಣ ಒಳ್ಳೆಯದು ಎಂದು ಹೆಣ್ಣು ಹೆತ್ತವರು ಹುಡುಕಿಕೊಂಡು ಬರತೊಡಗಿದರು. ಬಂದವರದೆಲ್ಲ ಒಂದೇ ಕರಾರು: ಕಪಾಟಿನ ಬೀಗ ತೆಗೆಯಬಾರದು. ಎಂಥ ಎಂಥ ಪಾತ್ರೆ ಇದೆ, ಒಮ್ಮೆ ನೋಡಿಯಾದರೂ ನೋಡಿ ಎಂದು ನಾನು ಅಂಗಲಾಚಿದರೆ, ಅಪಶಕುನ ನುಡಿದವನನ್ನು ನೋಡುವಂತೆ ನನ್ನನ್ನು ನೋಡುತ್ತಿದ್ದರು. ನಾನೂ ಕ್ರಮೇಣ ಒಗ್ಗಿಕೊಂಡೆ. ಹುಡುಗಿಯ ಗುಣ ತಿಳಿಯಬೇಕಾದರೆ ಬರಿದಾದ ಅಡುಗೆಮನೆಯಲ್ಲಿ ಬಿಡಬೇಕು ಎಂದು ಅಂಗಡಿಯಲ್ಲಿ ಕೂತು ಗಿರಾಕಿಗಳಿಗೆ ಉಪದೇಶ ಮಾಡತೊಡಗಿದೆ. ನಾಲ್ಕು ಮಂದಿ ತಲೆದೂಗುತ್ತಿದ್ದರು.

ಮುಂದೆ ಎರಡು ವರ್ಷಕ್ಕೆ ನಮ್ಮ ಮಗಳು ಗಿರಿಜೆಯನ್ನು ನೋಡಲು ಬಾರ್ಶಿಯವರು ಬರುತ್ತೇವೆಂದರು. ಅಕ್ಕಲಕೋಟದ ಮನೆಯಲ್ಲೇ ತೋರಿಸೋಣವೇ ಎಂದು ಹೆಂಡತಿ ಕೇಳಿದಳು. ನಾನು ಮಗಳ ಕೈಯ ರೊಟ್ಟಿ ತಿಂದವನು. ಅಲ್ಲಿಗೆ ಟಾಂಗಾ ಸಿಗುವುದಿಲ್ಲ, ಬೀಗರಿಗೆ ತೊಂದರೆ, ನಮ್ಮ ಸೊಲ್ಲಾಪುರದ ಮನೆಯೇ ಅನುಕೂಲ ಎಂದೆ. ಅವತ್ತಿನ ಶಿರಾ, ಭಜಿ ಎಲ್ಲ ನನ್ನ ಹೆಂಡತಿಯೇ ಮಾಡಿದಳು. ಗಿರಿಜೆ ತಾಟು ಹಿಡಿದು ತಂದಳು. ಶಿರಾ ಬಹಳ ಹದವಾಗಿದೆ, ಯಾರು ಮಾಡಿದ್ದು ಎಂದು ವರನ ತಂದೆ ಕೇಳಿದರು. ಹುಡುಗಿಯೇ ಮಾಡಿದ್ದು ಎಂದು ನಾನು ಗಟ್ಟಿಯಾಗಿ ಹೇಳಿದೆ. ಹೇಳುವಾಗ ಮಾತ್ರ ಹೆಂಡತಿ ನಿಂತಿದ್ದ ಒಳಗಿನ ಬಾಗಿಲ ಕಡೆಗೆ ನೋಡಲಿಲ್ಲ.