ನನ್ನ ವಿಲಾಯತಿ ತಿಜೋರಿ

ಹಳೆಯ ತಿಜೋರಿಯನ್ನು ಕಂಡ ಕೂಡಲೇ ಅದರ ಕುಲಗೋತ್ರ ಹೇಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ನನಗಿದೆ. (ಇದೆಯೆಂದು ನನಗೆ ಗೊತ್ತಾದದ್ದು ಮಾಗಡಿ ರಸ್ತೆಯ ಗುಜರಿ ಅಂಗಡಿಯಲ್ಲಿ, ಬಾಗಿಲ ಚಿಲಕ ಹುಡುಕಿಕೊಂಡು ಹೋದಾಗ.) ತುಕ್ಕು ಹಿಡಿದ ಸೈಕಲ್ ರಿಮ್ಮುಗಳ ಹಿಂದೆ ಅದು ನಿಂತಿತ್ತು. ಎದೆಮಟ್ಟದ ಎತ್ತರ, ಬಾಗಿಲ ಮೇಲೆ ಹಿತ್ತಾಳೆಯ ಸಿಂಹ. ಕೀಲಿಕೈ ಹಾಕುವ ತೂತೇ ಇಲ್ಲ; ಅದರ ಬದಲು ಸುತ್ತಲೂ ಅಂಕಿ ಕೊರೆದ, ತಿರುಗಿಸುವ ಒಂದು ಬಿಲ್ಲೆ. ನಾನು ತಟ್ಟಿದೆ, ಮೂಸಿದೆ, ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡಿದೆ.

"ವಿಲಾಯತಿ ಮಾಲು. ನೂರು ವರ್ಷಕ್ಕೆ ಕಡಿಮೆ ಇಲ್ಲ," ಎಂದು ತೀರ್ಪು ಕೊಟ್ಟೆ.

"ಹೌದಾ ಸಾರ್?" ಎಂದ ಅಂಗಡಿಯ ತಿಮ್ಮಯ್ಯ. ಆಮೇಲೆ ರೇಟು ಏರಿಸಿದ.

ರಾಜಾಜಿನಗರದ ನಮ್ಮ ಬಾಡಿಗೆ ಮನೆಯ ಹೊಸಿಲು ದಾಟುವಾಗ ಅದು ಎರಡು ರೆಡ್ ಆಕ್ಸೈಡ್ ಮೆಟ್ಟಿಲುಗಳನ್ನು ಬಲಿ ತೆಗೆದುಕೊಂಡಿತು. ನನ್ನ ಹೆಂಡತಿ ವತ್ಸಲಾ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಇದರೊಳಗೆ ಇಡೋಕೆ ನಮ್ಮನೇಲಿ ಏನಿದೇರೀ? ರೇಷನ್ ಕಾರ್ಡಾ?"

"ಸಿಂಹ ನೋಡು ಕಣೇ. ಸಾಕ್ಷಾತ್ ಇಂಗ್ಲೆಂಡಿನ ಸಿಂಹ."

"ಹಿಂಗಿನ ಡಬ್ಬಿ ಮೇಲೂ ಸಿಂಹ ಇದೆ."

ಪುರಾತತ್ವದಲ್ಲಿ ಆಸಕ್ತಿಯಿಲ್ಲದವರ ಜೊತೆ ವಾದ ಮಾಡಬಾರದು. ನಾನು ಬೀಗದ ಶಾಸ್ತ್ರೋಕ್ತ ಪರಿಶೀಲನೆಗೆ ಕೂತೆ. ಸ್ಟೀಲ್ ಲೋಟವನ್ನು ಬಾಗಿಲಿಗೊತ್ತಿ, ಕಿವಿಯಿಟ್ಟು, ಒಳಗಿನ ಚಕ್ರಗಳ ಟಿಕ್ ಟಿಕ್ ಕೇಳಿದೆ. ಬಾಗಿಲು ತೆರೆದಿದ್ದಾಗ ಅದರ ಹಿಂದೆ ಪುಟ್ಟ ಕೀಲಿ ತಿರುಗಿಸಿದರೆ ನಮಗೆ ಬೇಕಾದ ಮೂರು ಅಂಕಿಗಳನ್ನು ಕೂಡಿಸಬಹುದು. ಮುಚ್ಚಿದ ಮೇಲೆ ಆ ಅಂಕಿಗಳನ್ನೇ ಕ್ರಮವಾಗಿ ತಿರುಗಿಸಿದರೆ ಮಾತ್ರ ತೆರೆಯುತ್ತದೆ. ತಿಂಡಿ ತಣ್ಣಗಾಗುವ ಹೊತ್ತಿಗೆ ಈ ವಿದ್ಯೆ ನನಗೆ ಕರತಲಾಮಲಕವಾಗಿತ್ತು.

ನನ್ನ ಕೀರ್ತಿ ಮಲ್ಲೇಶ್ವರದ ಮಾವನ ಮನೆಗೂ ಮುಟ್ಟಿತು. ನಾದಿನಿ ಕೋಕಿಲಾಳ ಮದುವೆ ಹತ್ತಿರವಾಗಿತ್ತು. ಮದುಮಗಳ ಕಾಸಿನ ಸರವನ್ನು ನೆಂಟರು ತುಂಬಿದ ಮನೆಯಲ್ಲಿ ಎಲ್ಲಿಡುವುದೆಂದು ಮಾವನವರು ತಲೆ ಕೆಡಿಸಿಕೊಂಡಿದ್ದರು.

"ಬ್ಯಾಂಕ್ ಲಾಕರ್ ಏನು ಮಹಾ ಮಾವ? ನನ್ನ ತಿಜೋರಿ ಇಲ್ವೆ?" ಎಂದು ಸರವನ್ನು ತಂದೇಬಿಟ್ಟೆ.

ಒಳಗಿಟ್ಟು, ಅಂಕಿ ಕೂಡಿಸಿ, ಬಾಗಿಲು ಮುಚ್ಚಿ, ಬಿಲ್ಲೆಯನ್ನು ಗಿರ್ರನೆ ತಿರುಗಿಸಿದೆ.

"ಒಂದ್ಸಲ ತೆಗೆದು ನೋಡಿ," ಎಂದಳು ವತ್ಸಲಾ.

"ವಿಲಾಯತಿ ಮಾಲಿಗೆ ಪರೀಕ್ಷೆ ಬೇಡ. ಅಂಕಿ ಏನು ಗೊತ್ತಾ? ನನ್ನ ಜೀವನದ ಅತ್ಯಂತ ಶುಭದಿನ."

ಅವಳ ಮುಖ ಕೆಂಪಾಯಿತು. ಆ ಸಂಜೆ ಕೇಳದೆಯೇ ಬೋಂಡ ಬಂತು.

ಮದುವೆಯ ದಿನ ಬೆಳಿಗ್ಗೆ ನಾನು ಷೇವ್ ಮಾಡಿಕೊಳ್ಳುತ್ತಿದ್ದೆ. ವತ್ಸಲಾ ರೇಷ್ಮೆ ಸೀರೆ ಉಟ್ಟು ತಿಜೋರಿಯ ಮುಂದೆ ಕೂತಿದ್ದಳು.

"ರೀ, ತೆಗೀತಾ ಇಲ್ಲ."

"ಏನು ಹಾಕಿದೆ?"

"ನಮ್ಮ ಮದುವೆ ತಾರೀಖು."

ನೊರೆಯ ಮುಖದಲ್ಲೇ ಬಂದು ಅದನ್ನೇ ತಿರುಗಿಸಿದೆ. ಸಿಂಹ ಜಗ್ಗಲಿಲ್ಲ. ಲೋಟ ತಂದು ಕಿವಿಗೊಟ್ಟೆ. ಒಳಗೆ ಟಿಕ್ ಟಿಕ್ ಸೊಗಸಾಗಿಯೇ ಇತ್ತು. ಅಲ್ಲಿ ಛತ್ರದಲ್ಲಿ ಕೋಕಿಲಾಳ ಕೊರಳು ಬರಿದಾಗಿ ಕಾಯುತ್ತಿತ್ತು. ಅತ್ತೆ ವೆಂಕಟಲಕ್ಷ್ಮಮ್ಮನವರ ಮುಖ ಕಣ್ಣ ಮುಂದೆ ಬಂತು. ಆದರೂ ಧೈರ್ಯ ಬಿಡಲಿಲ್ಲ.

"ಸಿಕ್ಕಿತು ಕಣೇ. ನಮ್ಮ ಧಾರೆ ಸೂರ್ಯ ಹುಟ್ಟೋ ಮುಂಚೆ ಆಯ್ತಲ್ಲ? ಪಂಚಾಂಗದ ಪ್ರಕಾರ ಅದು ಹಿಂದಿನ ದಿನ. ನಾನು ಶಾಸ್ತ್ರದ ಲೆಕ್ಕ ಇಟ್ಟಿರ್ತೀನಿ."

ಹಿಂದಿನ ದಿನವನ್ನು ಹಾಕಿದೆ. ತೆರೆಯಲಿಲ್ಲ. ಮದುವೆಯಾದ ಗಂಡಸಿಗೆ ಮೂರನೆಯ ಮದುವೆ ತಾರೀಖು ಇರುವುದಿಲ್ಲ. ಆಗ ನನಗೆ ಧಗ್ಗನೆ ಎಲ್ಲವೂ ನೆನಪಾಯಿತು.

"ನೀನು ಒಂದು ಲೋಟ ಕಾಫಿ ಮಾಡು ಹೋಗು," ಎಂದೆ ಮೆಲ್ಲಗೆ.

ವತ್ಸಲಾ ನನ್ನ ಮುಖವನ್ನೇ ನೋಡಿದಳು. "ಸ್ವಲ್ಪ ಆ ಕಡೆ ಸರೀರಿ," ಎಂದು ಬಿಲ್ಲೆಯನ್ನು ತಿರುಗಿಸಿದಳು. ಖಟ್ ಎಂದು ಬಾಗಿಲು ತೆರೆಯಿತು.

"ಸ್ಕೂಟರ್ ಡೆಲಿವರಿ ಆದ ದಿನ," ಎಂದಳು.

"ಅಲ್ಲ ವತ್ಸಲಾ, ಅಷ್ಟು ವರ್ಷ ಬುಕ್ ಮಾಡಿ ಕಾದಿದ್ದು, ಕೈ ತಾನಾಗೇ..."

"ಗೊತ್ತು. ಅವತ್ತು ಷೋರೂಮಲ್ಲಿ ನೀವು ಕಣ್ಣೀರು ಹಾಕಿದ್ರಿ. ನಮ್ಮ ಧಾರೇಲಿ ಆಕಳಿಸಿದ್ರಿ."

ಸರವನ್ನು ಕೈಗೆ ತೆಗೆದುಕೊಂಡಳು. ಬಾಗಿಲ ಹಿಂದೆ ಪುಟ್ಟ ಕೀಲಿ ಹಾಕಿ, ನನಗೆ ಬೆನ್ನು ಮಾಡಿ, ಏನೋ ಅಂಕಿ ಕೂಡಿಸಿದಳು. ನನ್ನ ವಿದ್ಯೆಯನ್ನು ಅವಳು ಯಾವಾಗ ಕಲಿತಳೋ ತಿಳಿಯದು. ಮೊಳೆಗೆ ತೂಗುತ್ತಿದ್ದ ಸ್ಕೂಟರಿನ ಕೀಲಿಯನ್ನು ಒಳಗಿಟ್ಟು ಬಾಗಿಲು ಮುಚ್ಚಿ, ಗಿರ್ರನೆ ತಿರುಗಿಸಿದಳು.

"ಅಂಕಿ ಯಾವುದೇ?"

"ನಾನು ಹುಟ್ಟಿದ ದಿನ. ತೆಕ್ಕೊಂಡು ಸ್ಕೂಟರಲ್ಲೇ ಬನ್ನಿ," ಎಂದವಳು ಬೀದಿಯ ಆಟೋ ಕೂಗಿ ಹೊರಟೇಹೋದಳು.

ನೊರೆ ಒಣಗುವವರೆಗೂ ಕೂತು ಯೋಚಿಸಿದೆ. ಸಂಕ್ರಾಂತಿಯ ಆಸುಪಾಸು ಅನ್ನಿಸಿತು. ಆಮೇಲೆ ಗೌರಿ ಹಬ್ಬದ ಆಸುಪಾಸು ಅನ್ನಿಸಿತು. ಕಡೆಗೆ ಬಸ್ಸಿನಲ್ಲಿ ಜೋತಾಡಿಕೊಂಡು ಛತ್ರ ಸೇರಿದಾಗ ಧಾರೆ ಮುಗಿದು ಎಲೆ ಹಾಕಿದ್ದರು. ಕೋಕಿಲಾಳ ಕೊರಳಲ್ಲಿ ಸರ ಹೊಳೆಯುತ್ತಿತ್ತು. ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬಡಿಸುತ್ತಿದ್ದ ಅತ್ತೆಯ ಹತ್ತಿರ ಬಗ್ಗಿ, ಯಾರಿಗೂ ಕೇಳದ ಹಾಗೆ ಕೇಳಿದೆ:

"ಅತ್ತೆ, ವತ್ಸಲಾ ಹುಟ್ಟಿದ್ದು ಯಾವತ್ತು?"

ತುಪ್ಪದ ಮಿಳ್ಳೆ ಅಲ್ಲೇ ನಿಂತಿತು. ಅತ್ತೆಗೆ ಪಿಸುಮಾತು ಗೊತ್ತಿಲ್ಲ. ಇಡೀ ಪಂಕ್ತಿಗೆ ಕೇಳುವಂತೆ ಹೇಳಿದರು:

"ಕಾರ್ತಿಕ ಬಹುಳ ಪಂಚಮಿ, ಪುಷ್ಯ ನಕ್ಷತ್ರ. ಇಂಗ್ಲಿಷ್ ತಾರೀಖು ನಂಗೊತ್ತಿಲ್ಲ. ಯಾಕೆ ಅಳಿಯಂದ್ರೆ, ಜಾತಕ ಈಗ ಕೂಡಿಸ್ತೀರಾ?"